ಚಿಲಕಗಳಿಲ್ಲದ ಮನೆ

ಅರಬರ ನಾಡಿನ ಏಡನ್‌ನಿಂದ ಬಂದ ಎರಡು ವಾರಕ್ಕೆ ಇರ್ಷಾದ್ ಸ್ಕ್ರೂಡ್ರೈವರ್ ಹಿಡಿದು ಮನೆಯ ಚಿಲಕಗಳನ್ನೆಲ್ಲ ಬಿಚ್ಚಿದ. ಮುಂಬಾಗಿಲಿನದ್ದು, ಹಿಂಬಾಗಿಲಿನದ್ದು, ಮಲಗುವ ಕೋಣೆಯದ್ದು, ಕೊನೆಗೆ ಬಚ್ಚಲಿನದ್ದು ಕೂಡ. ಎಲ್ಲವನ್ನೂ ಹಾಲಿನಪುಡಿಯ ಡಬ್ಬಿಗೆ ತುಂಬಿ ಕಪಾಟಿನ ಮೇಲಿಟ್ಟ. ಯಾಕೆಂದು ರಂಶೀನಾ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬ ಹೆದರಿಕೆ ಅವಳಿಗಿತ್ತು.

ಅಂದಿನಿಂದ ಆ ಮನೆಯಲ್ಲಿ ಸ್ನಾನಕ್ಕೆ ಹೋದವರು ಹಾಡಬೇಕು. ಹಾಡು ಕೇಳಿಸಿದರೆ ಒಳಗೆ ಜನ ಇದ್ದಾರೆ ಎಂದು ಅರ್ಥ. ಹತ್ತು ವರ್ಷದ ಮಗಳು ಸಫ್ನಾ ಶಾಲೆಯ ಪ್ರಾರ್ಥನೆಯನ್ನು ಮೂರು ಸಲ ಹೇಳುತ್ತಿದ್ದಳು. ಮೀಂಜದ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದ ರಂಶೀನಾ ಹತ್ತನೇ ತರಗತಿಯ ಪದ್ಯಗಳನ್ನು ಹೇಳುತ್ತಿದ್ದಳು. ಎರಡು ದಿನಕ್ಕೆಂದು ಬಂದಿದ್ದ ಅವಳ ಅಣ್ಣ ಅಬ್ದುಲ್ ಹಮೀದನಿಗೆ ಯಾವ ಹಾಡೂ ಬಾರದು. ಅವನು ಒಳಗಿನಿಂದ ರೈಲ್ವೆ ಸ್ಟೇಷನ್ನಿನ ಧ್ವನಿಯಲ್ಲಿ, "ಯಾತ್ರಕ್ಕಾರುಡೆ ಶ್ರದ್ಧಯ್ಕ್, ಮಂಗಳೂರು ಸೆಂಟ್ರಲಿಗೆ ಹೋಗುವ ಗಾಡಿ ಇನ್ನೂ ಹದಿನೈದು ನಿಮಿಷ ತಡ ಉಂಟು" ಎಂದು ಕೂಗುತ್ತಿದ್ದ. ಸಫ್ನಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಇರ್ಷಾದ್ ಮಾತ್ರ ಹಾಡುತ್ತಿರಲಿಲ್ಲ. ಬಾಗಿಲನ್ನು ಅರ್ಧ ತೆರೆದಿಟ್ಟೇ ಮೀಯುತ್ತಿದ್ದ.

ನೆಂಟರು ಇದನ್ನು ತಮಾಷೆಯ ಕಥೆಯಾಗಿ ಹೇಳಿಕೊಂಡು ತಿರುಗಿದರು. ಹೇಳಲಿ ಎಂದು ರಂಶೀನಾ ಸುಮ್ಮನಿದ್ದಳು. ತಮಾಷೆ ಎಂದುಕೊಂಡವರು ಹೆಚ್ಚು ಕೆದಕುವುದಿಲ್ಲ.

ಕೆದಕಿದ್ದರೆ ಸಿಗುತ್ತಿದ್ದದ್ದು ಫಸಲ್. ಅವನ ಮನೆ ಗಡಿನಾಡಿನ ಹೊಸಂಗಡಿಯ ಇದೇ ಓಣಿಯಲ್ಲಿ, ಇಲ್ಲಿಂದ ಆರನೆಯದು. ಏಡನ್‌ನ ಹೋಟೆಲಿನಲ್ಲಿ ಇರ್ಷಾದ್ ಅಡುಗೆಯವನು. ಫಸಲನನ್ನು ಅಲ್ಲಿಗೆ ಕರೆಸಿಕೊಂಡವನೂ ಅವನೇ. ಎರಡು ಸಾವಿರದ ಹದಿನೈದರಲ್ಲಿ ಅಲ್ಲಿ ಯುದ್ಧ ಶುರುವಾಗಿ, ನಮ್ಮ ದೇಶದವರನ್ನು ಹಡಗಿನಲ್ಲಿ ಕರೆತಂದಾಗ ಇರ್ಷಾದ್ ಬಂದ. ಫಸಲ್ ಅಲ್ಲಿಯೇ ಮಣ್ಣಾಗಿದ್ದ. ಇರ್ಷಾದ್ ಬ್ಯಾಗನ್ನು ಕೆಳಗಿಡುವ ಮೊದಲೇ ಫಸಲನ ತಾಯಿ ಉಮ್ಮಾಲಿಮ್ಮ ಅಂಗಳಕ್ಕೆ ಬಂದು ನಿಂತಿದ್ದರು. ಅವರು ಅಳಲಿಲ್ಲ. ಕೇಳಿದ್ದು ಒಂದೇ ಮಾತು.

"ಬಾಯಿಗೆ ನೀರು ಬಿತ್ತಾ?"

"ಬಿತ್ತು ಉಮ್ಮ," ಎಂದಿದ್ದ ಇರ್ಷಾದ್. "ನಾನೇ ಕೊಟ್ಟೆ. ಈ ಕೈಯಲ್ಲೇ. ಪ್ರಾಣ ಹೋಗುವಾಗ ಕಲಿಮವನ್ನೂ ಹೇಳಿಕೊಟ್ಟೆ."

ಉಮ್ಮಾಲಿಮ್ಮ ಆ ಬಲಗೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಿದ್ದರು.

ಆ ಮಾತು ಸುಳ್ಳು ಎಂದು ರಂಶೀನಾಳಿಗೆ ಗೊತ್ತಾದದ್ದು ಒಂದು ತಿಂಗಳ ನಂತರ. ಹೊಸಂಗಡಿಯ ಪೇಟೆಯಲ್ಲಿ ಇಬ್ಬರೂ ನಡೆದು ಬರುತ್ತಿದ್ದಾಗ ಒಬ್ಬ ಅಂಗಡಿಯವನು ಊಟಕ್ಕೆ ಹೋಗಲು ಶಟರ್ ಎಳೆದ. ಇರ್ಷಾದ್ ನಿಂತಲ್ಲಿಯೇ ಕುಸಿದು ಕೂತ. ಬಸ್ಸಿನವನು ಹಾರ್ನ್ ಹೊಡೆದ. "ಅವ ಶಟರಿಗೆ ಬಡಿದ. ನನ್ನ ಹೆಸರು ಹಿಡಿದೇ ಕರೆದ. ನಾನು ತೆಗೀಲಿಲ್ಲ" ಎಂದ ಇರ್ಷಾದ್. ರಂಶೀನಾ ಅವನ ತೋಳು ಹಿಡಿದು, "ಮನೆಗೆ ಹೋಗುವ" ಎಂದಳು. ಮತ್ತೆ ಆ ಮಾತು ಇಬ್ಬರ ನಡುವೆ ಬರಲಿಲ್ಲ.

ಬರುತ್ತಿದ್ದದ್ದು ಉಮ್ಮಾಲಿಮ್ಮನ ಊಟ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಅವರು ಮೂರು ಬಟ್ಟಲಿನ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಒಂದು ವಾರ ತುಪ್ಪದ ಅನ್ನ ನೈಚೋರು ಮತ್ತು ಕೋಳಿಸಾರು, ಇನ್ನೊಂದು ವಾರ ತುಪ್ಪ ಸುರಿದ ಅಕ್ಕಿರೊಟ್ಟಿ ಪತ್ತಿರ್. ತಾವೇ ಬಡಿಸಿ, ಎದುರಿನ ಕುರ್ಚಿಯಲ್ಲಿ ಕೂತು, ಕೊನೆಯ ತುತ್ತಿನವರೆಗೆ ಅವನ ಬಲಗೈಯನ್ನೇ ನೋಡುತ್ತಿದ್ದರು. "ತಿನ್ನು ಮಗನೇ. ನನ್ನ ಮಗನ ಬಾಯಿಗೆ ನೀರು ಬಿಟ್ಟ ಕೈ ಅದು. ಅದು ಬಾಡಬಾರದು."

ಕೈ ಬಾಡಲಿಲ್ಲ. ಮೂರು ವರ್ಷದಲ್ಲಿ ಇರ್ಷಾದ್ ಹದಿನೆಂಟು ಕಿಲೋ ಹೆಚ್ಚಾದ. ಟೈಲರ್ ಸುಕುಮಾರ, "ಇನ್ನು ಬಿಡಿಸ್ಲಿಕ್ಕೆ ಹೊಲಿಗೆಯಲ್ಲಿ ಬಟ್ಟೆ ಇಲ್ಲ ಮಾರಾಯ. ಹೊಟ್ಟೆಗೆ ಬೇರೆ ಅಂಗಿ, ಎದೆಗೆ ಬೇರೆ ಅಂಗಿ ಹೊಲೀಲಿಕ್ಕೆ ಆಗ್ತದಾ?" ಎಂದು ನಗುತ್ತಿದ್ದ. ಶುಕ್ರವಾರ ಸಂಜೆಗಳಲ್ಲಿ ಇರ್ಷಾದ್ ಹಿತ್ತಿಲಿನಲ್ಲಿ ವಾಂತಿ ಮಾಡುತ್ತಿದ್ದದ್ದು ಸುಕುಮಾರನಿಗೆ ಗೊತ್ತಿರಲಿಲ್ಲ. ಅಡುಗೆಯವನಾಗಿದ್ದ ಇರ್ಷಾದ್, ಬಂದ ಮೇಲೆ ಒಂದು ದಿನವೂ ಒಲೆಯ ಮುಂದೆ ನಿಲ್ಲಲಿಲ್ಲ ಎನ್ನುವುದೂ.

ಹೀಗಿರುವಾಗ ಆ ಸಿನಿಮಾ ಬಂತು.

ಊರಿನ ಗ್ರಂಥಾಲಯದವರು ಎರಡು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಬೇರೆ ದೇಶದ ಒಂದು ಸಿನಿಮಾ ತೋರಿಸುತ್ತಿದ್ದರು. ಕಾರ್ಯದರ್ಶಿ ಲೋಕನಾಥ ಮಾಸ್ಟ್ರು ನಿವೃತ್ತ ಅಧ್ಯಾಪಕರು. ಸಿನಿಮಾದ ಕೆಳಗೆ ಓಡುವ ಇಂಗ್ಲಿಷನ್ನು ಓದಲಾರದವರೇ ಹೆಚ್ಚು. ಹಾಗಾಗಿ ಒಬ್ಬರು ಮೂಲೆಯಲ್ಲಿ ಮೈಕ್ ಹಿಡಿದು ನಿಂತು ಮಾತುಗಳನ್ನು ಆಗಲೇ ಕನ್ನಡದಲ್ಲಿ ಹೇಳುತ್ತಾ ಹೋಗುವುದು ಅಲ್ಲಿಯ ಪದ್ಧತಿ. ಬಂದವರಿಗೆಲ್ಲ ಒಂದು ಹಾಳೆ ಕಥಾಸಾರವನ್ನೂ ಹಂಚುತ್ತಿದ್ದರು. ಒಂದು ಪಕ್ಕ ಕನ್ನಡ, ಇನ್ನೊಂದು ಪಕ್ಕ ಮಲಯಾಳ. ಎರಡು ಪಕ್ಕವನ್ನೂ ಓದಬಲ್ಲವರು ಆ ಊರಿನಲ್ಲಿ ಕಡಿಮೆ. ಯಾರ ಪಕ್ಕ ಯಾವುದೋ ಅದನ್ನೇ ಓದಿ ಮಡಚುತ್ತಿದ್ದರು.

ಮೈಕ್ ಹಿಡಿಯುವವಳು ರಂಶೀನಾ. ಮುಂದಿನ ಸಾಲಿನಲ್ಲಿ ತಪ್ಪದೆ ಕೂರುವವರು ಉಮ್ಮಾಲಿಮ್ಮ. "ನಮ್ಮ ಓಣಿಯ ಹುಡುಗಿ ಮೈಕಲ್ಲಿ ಮಾತಾಡುವಾಗ ನಾನು ಮನೆಯಲ್ಲಿ ಕೂತ್ಕೊಳ್ಳುದಾ?" ಎನ್ನುತ್ತಿದ್ದರು.

"ಈ ಸಲ ಆರ್ಮೇನಿಯದ್ದು ಟೀಚರೆ," ಎಂದು ಲೋಕನಾಥ ಮಾಸ್ಟ್ರು ಪೆನ್‌ಡ್ರೈವ್ ಕೊಟ್ಟರು. "ಯುದ್ಧ ಮುಗಿದ ಮೇಲೆ ಒಂದು ಸಂಸಾರದ ಕಥೆ. ನಗಾಡಿ ನಗಾಡಿ ಸಾಕಾಗ್ತದೆ, ಮತ್ತೆ ಎದೆಯಲ್ಲಿ ಎಂತದೋ ಸಿಕ್ಕಿಹಾಕಿಕೊಳ್ತದೆ."

ಶನಿವಾರ ಮನೆಯಲ್ಲಿ ಯಾರೂ ಇಲ್ಲದಾಗ ರಂಶೀನಾ ನೋಡಿದಳು. ಕಲ್ಲುಗುಡ್ಡದ ಹಳ್ಳಿ. ಸೈನ್ಯದ ಲಾರಿ ಓಡಿಸುತ್ತಿದ್ದವನು ಲಾರಿಯ ಸಮೇತ ಮನೆಗೆ ಬಂದಿದ್ದಾನೆ. ವಾಪಸು ಕೇಳಲು ಯಾರೂ ಬರುವುದಿಲ್ಲ. ಹೆಂಡತಿ ಅದರಲ್ಲಿ ಕೋಳಿ ಸಾಕುತ್ತಾಳೆ, ಅತ್ತೆ ಅದರ ಮೇಲೆ ಕಂಬಳಿ ಒಣಗಿಸುತ್ತಾಳೆ, ಕತ್ತೆಯೊಂದು ಅದರ ನೆರಳು ಬಿಟ್ಟು ಏಳುವುದಿಲ್ಲ. ಪಕ್ಕದ ಮನೆಯ ವಿಧವೆ ದಿನಾ ಬಟ್ಟಲು ತುಂಬ ಹಣ್ಣು ತಂದುಕೊಡುತ್ತಾಳೆ. ನಿನ್ನ ಗಂಡ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ ಎಂದು ಅವನು ಅವಳಿಗೆ ಹೇಳಿದ್ದಾನೆ. ಕೊನೆಗೆ ಮಗಳ ಮದುವೆಯ ಊಟದಲ್ಲಿ ಲೋಟ ಎತ್ತಿ ಎದ್ದು ನಿಲ್ಲುತ್ತಾನೆ. ಅವನು ನನ್ನ ಲಾರಿಯ ಹಿಂದೆ ಓಡಿ ಬರುತ್ತಿದ್ದ, ಕನ್ನಡಿಯಲ್ಲಿ ಕಾಣುತ್ತಿತ್ತು, ನಾನು ನಿಲ್ಲಿಸಲಿಲ್ಲ ಎನ್ನುತ್ತಾನೆ. ಹಾರೈಕೆಯ ಮಾತೆಂದು ತಿಳಿದು ಅಮಲಿನಲ್ಲಿದ್ದ ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಾರೆ. ವಿಧವೆ ಮಾತ್ರ ಎದ್ದು ಬಂದು ಅವನ ಕೆನ್ನೆಗೆ ಹೊಡೆಯುತ್ತಾಳೆ.

ರಂಶೀನಾ ಲ್ಯಾಪ್‌ಟಾಪ್ ಮುಚ್ಚಿದಳು. ತನಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಮೈಕ್ ಹಿಡಿಯುವವರು ಲೋಕನಾಥ ಮಾಸ್ಟ್ರು. ಅವರು ಒಂದಕ್ಷರ ಬಿಡದೆ ಹೇಳುತ್ತಾರೆ, ಮುಂದಿನ ಸಾಲಿನಲ್ಲಿ ಉಮ್ಮಾಲಿಮ್ಮ ಕೂತಿರುತ್ತಾರೆ. ಮೈಕ್ ತನ್ನ ಕೈಯಲ್ಲಿರುವುದೇ ಒಳ್ಳೆಯದು ಅನ್ನಿಸಿತು. ಬಹಳ ಯೋಚಿಸಿ ತನ್ನ ಕನ್ನಡದಲ್ಲಿ ಲಾರಿಯ ಬ್ರೇಕ್ ಕೆಡಿಸಿದಳು. ಬ್ರೇಕ್ ಇರಲಿಲ್ಲ, ಹಾಗಾಗಿ ನಿಲ್ಲಿಸಲಾಗಲಿಲ್ಲ. ಕಥಾಸಾರದ ಕನ್ನಡವನ್ನೂ ಹಾಗೆಯೇ ಬರೆದು ಕಳಿಸಿದಳು. ಹಾಳೆಯ ಎರಡು ಪಕ್ಕಗಳ ಚಿತ್ರ ಫೋನಿಗೆ ಬಂದಾಗ ಕನ್ನಡವನ್ನು ಮೂರು ಸಲ ಓದಿ ಒಂದು ಅಲ್ಪವಿರಾಮ ತಿದ್ದಿಸಿದಳು. ಇನ್ನೊಂದು ಪಕ್ಕ ಮಲಯಾಳ. ಒಂದನೇ ಕ್ಲಾಸಿನಿಂದ ಕನ್ನಡ ಶಾಲೆಯಲ್ಲೇ ಕಲಿತವಳು ಅವಳು. ಬಸ್ಸಿನ ಬೋರ್ಡಿಗಿಂತ ಉದ್ದದ ಮಲಯಾಳವನ್ನು ಓದಿದವಳಲ್ಲ. ಮಾಸ್ಟ್ರು ತನ್ನದನ್ನೇ ಅನುವಾದ ಮಾಡಿರುತ್ತಾರೆ ಎಂದುಕೊಂಡಳು.

ಭಾನುವಾರ ಗ್ರಂಥಾಲಯದ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಎಂದೂ ಬಾರದ ಇರ್ಷಾದ್ ಅಂದು ಬಂದ. ಕತ್ತೆ ಇದೆ ಎಂದು ಸಫ್ನಾ ಅವನನ್ನು ಎಳೆದು ತಂದಿದ್ದಳು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟ. ಬೆಳಕಿನ ಒಂದು ಗೆರೆ ನೇರ ಪರದೆಯ ಮೇಲೆ ಬಿತ್ತು.

"ಬಾಗಿಲು ಹಾಕಾ ಮಾರಾಯ, ನಾಯಕನ ಮೂಗಿಗೆ ಬಿಸಿಲು ಬೀಳ್ತಾ ಉಂಟು," ಎಂದ ಜೀಪು ಡ್ರೈವರ್ ಬಟ್ಯ. ಜನ ನಕ್ಕರು. ಇರ್ಷಾದ್ ಕಾಲು ತೆಗೆಯಲಿಲ್ಲ.

ಕೋಳಿ ಲಾರಿಯ ಸ್ಟಿಯರಿಂಗ್ ಮೇಲೆ ಮೊಟ್ಟೆ ಇಡಲು ಹೊರಟಾಗ ಜನ ಗೊಳ್ಳೆಂದರು. ಇರ್ಷಾದನೂ ನಕ್ಕ. ಮೂರು ವರ್ಷದಲ್ಲಿ ಕೇಳದ ಆ ನಗು ಕಿವಿಗೆ ಬಿದ್ದು ರಂಶೀನಾ ಎರಡು ಸಾಲು ಹೇಳುವುದನ್ನೇ ಮರೆತಳು. ಆಮೇಲೆ ಮದುವೆಯ ಊಟ ಬಂತು. ಲೋಟ ಎತ್ತಿದವನು ಮಾತು ಶುರುಮಾಡಿದ. ರಂಶೀನಾ ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು.

"ಅವನು ನನ್ನ ಹಿಂದೆ ಓಡಿ ಬರುತ್ತಿದ್ದ. ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಎಷ್ಟು ಒತ್ತಿದರೂ ಬ್ರೇಕ್ ಹಿಡಿಯಲಿಲ್ಲ."

ಪರದೆಯಲ್ಲಿ ವಿಧವೆ ಎದ್ದು ಬಂದು ಹೊಡೆದಳು.

"ಅಯ್ಯೋ!" ಎಂದ ಬಟ್ಯ. "ಬ್ರೇಕ್ ಹೋದದ್ದಕ್ಕೆ ಡ್ರೈವರಿಗೆ ಹೊಡಿಯುದು ಎಂತ ನ್ಯಾಯ? ವರ್ಕ್‌ಶಾಪಿನವನಿಗೆ ಹೊಡಿಬೇಕು!"

ಜನ ಇನ್ನೊಮ್ಮೆ ನಕ್ಕರು. ಬೆಳಕಿನ ಗೆರೆ ಅಗಲವಾಯಿತು. ಇರ್ಷಾದ್ ಎದ್ದು ಹೊರಗೆ ಹೋಗಿದ್ದ. ಹೋಟೆಲಿನ ಇಂಗ್ಲಿಷ್ ಅವನಿಗೆ ಬರುತ್ತಿತ್ತು, ಪರದೆಯ ಕೆಳಗಿನ ಸಾಲನ್ನು ಅವನು ಓದಿದ್ದ. ಹೆಂಡತಿ ಇಡೀ ಊರಿನ ಎದುರು ತನಗಾಗಿ ಸುಳ್ಳು ಹೇಳಿದ್ದು ಅವನಿಗೆ ತಿಳಿದಿತ್ತು.

ಮುಗಿದ ಮೇಲೆ ಲೋಕನಾಥ ಮಾಸ್ಟ್ರು ಮೈಕಿನ ವಯರ್ ಸುತ್ತುತ್ತಾ ಬಂದರು. "ಟೀಚರೆ, ಆ ಬ್ರೇಕ್ ಎಲ್ಲಿಂದ ಬಂತು ಮಾರಾಯ್ರೆ? ಕನ್ನಡ ಪಕ್ಕದಲ್ಲೂ ಹಾಗೆಯೇ ಉಂಟು."

"ನೀವು ಮಲಯಾಳಕ್ಕೆ ನನ್ನದನ್ನೇ ಮಾಡಿದ್ದಲ್ವಾ ಮಾಸ್ಟ್ರೆ?"

"ಇಲ್ಲಪ್ಪ, ನಿಮ್ಮದು ಬರುವ ಮೊದಲೇ ನಾನು ಬರೆದಾಗಿತ್ತು. ಸಿನಿಮಾ ಉತ್ಸವದವರ ಪುಸ್ತಕ ನೋಡಿ ಬರೆದದ್ದು. ಲಾರಿ ನಿಲ್ಲಿಸದೆ ಬಂದವ ಅಂತ ಸರಿಯಾಗಿಯೇ ಬರೆದಿದ್ದೇನೆ."

ರಂಶೀನಾ ತಿರುಗಿ ನೋಡಿದಳು. ಮುಂದಿನ ಸಾಲಿನಲ್ಲಿ ಉಮ್ಮಾಲಿಮ್ಮ ಕನ್ನಡಕ ಹಾಕಿ, ಹಾಳೆಯ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಿದ್ದರು. ಆಗ ಅವಳಿಗೆ ನೆನಪಾಯಿತು. ಮಗ ಸತ್ತ ಬಗ್ಗೆ ಸರಕಾರದಿಂದ ಮಲಯಾಳದಲ್ಲಿ ಕಾಗದ ಬಂದಾಗ, ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಒಪ್ಪದೆ, ಉಮ್ಮಾಲಿಮ್ಮ ಐವತ್ತೆಂಟನೇ ವಯಸ್ಸಿನಲ್ಲಿ ವಾರ್ಡಿನ ಸಾಕ್ಷರತಾ ತರಗತಿಗೆ ಸೇರಿದ್ದರು. ನಾಲ್ಕನೇ ತರಗತಿಗೆ ಸಮನಾದ ತುಲ್ಯತಾ ಪರೀಕ್ಷೆ ಪಾಸಾದಾಗ ಓಣಿಗೆಲ್ಲ ಲಡ್ಡು ಹಂಚಿದ್ದರು. ರಂಶೀನಾ ಎರಡು ತಿಂದಿದ್ದಳು.

ಉಮ್ಮಾಲಿಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡು ಹೊರಟರು.

ಸೋಮವಾರದಿಂದ ಗುರುವಾರದವರೆಗೆ ರಂಶೀನಾ ತರಗತಿಯಲ್ಲಿ ಏನು ಪಾಠ ಮಾಡಿದಳೋ ಅವಳಿಗೇ ತಿಳಿಯದು. ಒಮ್ಮೆ ಗಂಡನಿಗೆ ಹೇಳಲು ಹೋದಳು. "ನೋಡಿ, ಆ ಹಾಳೆಯಲ್ಲಿ..." ಎಂದಷ್ಟಕ್ಕೆ ಅವನು, "ಗೊತ್ತುಂಟು" ಎಂದ. ಏನು ಗೊತ್ತು, ಎಷ್ಟು ಗೊತ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ಶುಕ್ರವಾರ ರಜೆ ಹಾಕಿ ಮನೆಯಲ್ಲೇ ಉಳಿದಳು. ಉಮ್ಮಾಲಿಮ್ಮ ಬಾರದಿರಲಿ ಎಂದು ಬೇಡಿದಳು. ಬಾರದಿದ್ದರೆ ಅದಕ್ಕಿಂತಲೂ ಕೆಟ್ಟದಲ್ಲವೇ ಎಂದೂ ಅನ್ನಿಸಿತು.

ಎರಡು ಗಂಟೆಗೆ ಅವರು ಬಂದರು. ಮಳೆಯಲ್ಲಿ ಕ್ಯಾರಿಯರಿಗೆ ಕೊಡೆ ಹಿಡಿದು, ತಾವು ಒದ್ದೆಯಾಗಿ. ಎಂದಿನಂತೆ ಬಡಿಸಿದರು. ಇರ್ಷಾದ್ ಎರಡು ತುತ್ತು ತಿಂದ ಮೇಲೆ ಪರ್ಸಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು.

"ನಿನ್ನ ಪಕ್ಕ ಓದು ಮಗಳೇ. ನನಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ."

ರಂಶೀನಾ ಓದಿದಳು. "ಬ್ರೇಕ್ ಕೆಟ್ಟ ಲಾರಿಯಿಂದಾಗಿ ಗೆಳೆಯನನ್ನು ಕಳೆದುಕೊಂಡ ಚಾಲಕನೊಬ್ಬನ ಮನೆಯ ಕಥೆ."

"ಇನ್ನು ನನ್ನದು ಕೇಳು." ಉಮ್ಮಾಲಿಮ್ಮ ಹಾಳೆ ತಿರುಗಿಸಿ ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಮಲಯಾಳದಲ್ಲಿ ಓದಿದರು. ಹಿಂದೆ ಓಡಿ ಬಂದ ಗೆಳೆಯನಿಗೆ ಲಾರಿ ನಿಲ್ಲಿಸದೆ ಬಂದವನ ಮನೆಯ ಕಥೆ. ಓದಿ ಕನ್ನಡಕ ತೆಗೆದರು. "ಒಂದೇ ಲಾರಿ. ಯಾವುದು ಸರಿ?"

"ಅದು ಸಿನಿಮಾ ಅಲ್ವಾ ಉಮ್ಮ. ಅನುವಾದ ಮಾಡುವಾಗ ಒಂದೊಂದು ಸಲ..."

"ಸಿನಿಮಾ ಅಂತ ನನಗೂ ಗೊತ್ತುಂಟು. ನಾನು ನಾಲ್ಕನೇ ಕ್ಲಾಸ್ ಪಾಸ್. ನೀನು ಎಂ.ಎ. ಕಲಿತವಳು. ಒಂದು ಚುಕ್ಕೆ ಹೆಚ್ಚುಕಮ್ಮಿ ಆದರೆ ಮಕ್ಕಳ ಕಿವಿ ಹಿಂಡುವವಳು. ನೀನು ಸುಮ್ಮನೆ ಒಂದು ಲಾರಿಯ ಬ್ರೇಕ್ ತೆಗೀತೀಯಾ? ಯಾರಿಗೋಸ್ಕರ ತೆಗೆದದ್ದು, ಅದು ಹೇಳು."

ರಂಶೀನಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮಲಯಾಳ ಸರಿ," ಎಂದ ಇರ್ಷಾದ್.

ಬಲಗೈಯಲ್ಲಿ ತುತ್ತು ಹಾಗೆಯೇ ಇತ್ತು. ಅವನು ತಟ್ಟೆಯನ್ನೇ ನೋಡುತ್ತಾ ಹೇಳಿದ. "ನಾವು ಐದು ಜನ ಒಳಗೆ ಇದ್ದೆವು. ಶಟರ್ ಹಾಕಿತ್ತು. ಅವ ಬಂದು ಬಡಿದ. ‘ಇರ್ಷಾದಾಕ, ನಾನು, ತೆಗೀರಿ’ ಅಂತ ಕರೆದ. ಹಿಂದೆ ಬಂದೂಕಿನವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಕೀ ನನ್ನ ಕೈಯಲ್ಲೇ ಇತ್ತು. ನಾನು ತೆಗೀಲಿಲ್ಲ. ಬೆಳಿಗ್ಗೆ ತೆಗೆದಾಗ ಮೆಟ್ಟಿಲಲ್ಲಿ ಇದ್ದ."

ಹೊರಗೆ ಮಾಡಿನ ನೀರು ಬಕೆಟಿಗೆ ಬೀಳುತ್ತಿತ್ತು. ಉಮ್ಮಾಲಿಮ್ಮ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿದರು.

"ನೀರು?"

"ಇಲ್ಲ ಉಮ್ಮ." "ಅವ ಹೊರಗೆ ಹೋದದ್ದೇ ನಮಗೆ ನೀರು ತರ್ಲಿಕ್ಕೆ."

ಆಕೆ ಹೊಡೆಯುತ್ತಾರೆ ಎಂದು ರಂಶೀನಾ ಅಂದುಕೊಂಡಳು. ಹೊಡೆಯಲಿ ಎಂದೂ ಆಸೆಪಟ್ಟಳು. ಸಿನಿಮಾದಲ್ಲಿ ಹೊಡೆದ ಮೇಲೆ ಮದುವೆಯ ವಾದ್ಯ ಮತ್ತೆ ಶುರುವಾಗಿತ್ತು. ಉಮ್ಮಾಲಿಮ್ಮ ಅವನ ಬಲಗೈಯನ್ನು ಒಮ್ಮೆ ನೋಡಿದರು.

"ಕೈ ತೊಳಿ," ಎಂದು ಎದ್ದರು. ಕ್ಯಾರಿಯರನ್ನೂ ಕೊಡೆಯನ್ನೂ ಬಿಟ್ಟು ಮಳೆಯಲ್ಲೇ ನಡೆದರು.

ಆ ಮಧ್ಯಾಹ್ನ ಇರ್ಷಾದ್ ಮಲಗಿ ನಾಲ್ಕು ಗಂಟೆ ನಿದ್ದೆ ಮಾಡಿದ. ರಂಶೀನಾ ಮೂರು ಸಲ ಹೋಗಿ ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು.

ಮುಂದಿನ ಶುಕ್ರವಾರ ಊಟ ಬರಲಿಲ್ಲ. ಎರಡು ಗಂಟೆಗೆ ಇರ್ಷಾದ್ ಮೇಜಿನ ಮುಂದೆ ಕೂತು, ಮೂರಕ್ಕೆ ಎದ್ದ. ಉಮ್ಮಾಲಿಮ್ಮನ ಕ್ಯಾರಿಯರ್ ತೊಳೆದು ಒರೆಸಿ ಕಪಾಟಿನಲ್ಲಿತ್ತು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮ ಆ ಓಣಿಯಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಈ ಪಾತ್ರೆಗೆ ಏನು ಹಾಕುವುದು? ರಂಶೀನಾ ಸಕ್ಕರೆಯ ಡಬ್ಬಿ ತೆರೆದು ಮತ್ತೆ ಮುಚ್ಚಿದಳು. ಸಕ್ಕರೆ ಅಸಹ್ಯವಾಗಿ ಕಂಡಿತು.

ಉಮ್ಮಾಲಿಮ್ಮ ಹೆಂಗಸರ ಕುಡುಂಬಶ್ರೀ ಸಭೆಗೂ ಹೋಗುತ್ತಿಲ್ಲ, ಜೊತೆಗಿರುವ ಮಗಳು ಅಂಗನವಾಡಿಯ ಕೆಲಸಕ್ಕೆ ಹೋದರೆ ಬಾಗಿಲು ಹಾಕಿಕೊಂಡು ಕೂರುತ್ತಾರೆ ಎಂದು ಸುದ್ದಿ ಬಂತು.

ಮೂರನೇ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದು ಕೇಳಿ ರಂಶೀನಾ ಎದ್ದು ಬಂದಳು. ಇರ್ಷಾದ್ ಒಲೆಯ ಮುಂದೆ ನಿಂತಿದ್ದ. ಅಕ್ಕಿ ನೆನೆದಿತ್ತು. ಮಾಂಸಕ್ಕೆ ಮಸಾಲೆ ಹಚ್ಚುತ್ತಿದ್ದ ಕೈಗಳು ಅವಳು ಮರೆತೇಹೋಗಿದ್ದ ವೇಗದಲ್ಲಿ ಓಡುತ್ತಿದ್ದವು. ಏಡನ್‌ನಲ್ಲಿ ಅವನೂ ಫಸಲನೂ ದಿನಾ ಮಾಡುತ್ತಿದ್ದ, ‘ಮಂದಿ’ ಎಂಬ ಮಾಂಸದ ಅನ್ನ ಅದು. ಈಗ ಹೆದ್ದಾರಿಯ ಉದ್ದಕ್ಕೂ ಮಂದಿಯ ಹೋಟೆಲುಗಳಾಗಿವೆ. ಆ ಬೋರ್ಡು ಕಂಡರೆ ಅವನು ರಸ್ತೆ ದಾಟುತ್ತಿದ್ದ.

"ಉಪ್ಪು ನೋಡು," ಎಂದು ಅವನು ಸೌಟು ಚಾಚಿದ.

"ಸರಿ ಉಂಟು," ಎಂದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಜುಮಾ ಮುಗಿಸಿ ಬಂದು ಅವನು ಮೂರು ಬಟ್ಟಲು ತುಂಬಿಸಿ ಹೊರಟ. ಅವಳು ಹತ್ತು ಹೆಜ್ಜೆ ಹಿಂದೆ, ಉಮ್ಮಾಲಿಮ್ಮನದ್ದೇ ಕೊಡೆ ಹಿಡಿದು ಹೋದಳು. ಓಣಿಯ ತಿರುವಿನಲ್ಲಿ ನಿಂತಳು. ಆರನೇ ಮನೆಯ ಬಾಗಿಲು ಹಾಕಿತ್ತು. ಇರ್ಷಾದ್ ಮೆಟ್ಟಿಲು ಹತ್ತಿ ಬಡಿದ. ಉತ್ತರ ಬರಲಿಲ್ಲ. ಮತ್ತೆ ಬಡಿದ. ಕಾಯುತ್ತಾ ಅವನು ಒಮ್ಮೆ ಹಿಂದಕ್ಕೆ, ಖಾಲಿ ಓಣಿಯ ಕಡೆಗೆ ತಿರುಗಿ ನೋಡಿದ. ಶಟರಿನ ಹೊರಗೆ ನಿಂತವನೂ ಹೀಗೆಯೇ ನೋಡಿರಬಹುದು ಎಂದು ರಂಶೀನಾಳಿಗೆ ಹೊಳೆಯಿತು. ಓಡಿಹೋಗಿ ಅವನನ್ನು ಕರೆತರಬೇಕು ಅನ್ನಿಸಿತು. ಹೋಗಲಿಲ್ಲ.

"ಯಾರು?" ಒಳಗಿನಿಂದ ಧ್ವನಿ.

"ನಾನು ಉಮ್ಮ. ಇರ್ಷಾದ್."

ಮಳೆ ಜೋರಾಯಿತು. ಕ್ಯಾರಿಯರಿನ ಮುಚ್ಚಳದ ಮೇಲೆ ನೀರು ಬೀಳುವ ಸದ್ದು ತಿರುವಿನವರೆಗೂ ಕೇಳುತ್ತಿತ್ತು. ಅವನು ಮೂರನೇ ಸಲ ಬಡಿಯಲಿಲ್ಲ, ಮೆಟ್ಟಿಲು ಇಳಿಯಲೂ ಇಲ್ಲ. ಅಂಗಿ ಬೆನ್ನಿಗೆ ಅಂಟಿತು. ಎಷ್ಟು ಹೊತ್ತಾಯಿತೋ, ಒಳಗಿನ ಧ್ವನಿ ಈ ಸಲ ಬಾಗಿಲಿನ ಹತ್ತಿರದಿಂದಲೇ ಬಂತು. ಒರಟಾಗಿ, ಬೈಯುವಂತೆ.

"ಚಿಲಕ ಹಾಕಿಲ್ಲ. ಬಾಗಿಲು ಮಳೆಗೆ ಉಬ್ಬಿ ಹಿಡಿದದ್ದು. ಭುಜ ಕೊಟ್ಟು ದೂಡ್ಬೇಕು. ನನ್ನಿಂದ ಆಗುದಿಲ್ಲ."

ಇರ್ಷಾದ್ ಕ್ಯಾರಿಯರನ್ನು ಮೆಟ್ಟಿಲಿನಲ್ಲಿಟ್ಟು ಬಾಗಿಲಿನ ಮೇಲೆ ಬಲ ಅಂಗೈ ಇಟ್ಟ. ದೂಡಲಿಲ್ಲ. ಇಟ್ಟ ಕೈ ಹಾಗೆಯೇ ಇತ್ತು. ರಂಶೀನಾ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅವನ ಭುಜವನ್ನೇ ನೋಡುತ್ತಾ ನಿಂತಳು.